ಹೆಂಡತಿ ಎಂಬುದಕ್ಕೆ ಸಾಕ್ಷಿ ಏನು?



ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಹುಡುಗ. ಹುಡುಗನೆಂದರೂ ತಲೆಯಲ್ಲಿ ನಾಲ್ಕಾರು ಬಿಳಿಯ ಕೂದಲು ಇಣುಕುತ್ತಿವೆ. ಕೈಯಲ್ಲಿ ದಪ್ಪನೆಯ ಒಂದು ಫೈಲು. ಇಲ್ಲಿ ಮೈಸೂರಿನಲ್ಲಿರುವ ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಸ್ಪಾನ್ಸರ್ ಮಾಡಿ ಕರೆಸಿಕೊಳ್ಳಲು ಅರ್ಜಿ ಹಾಕಿದ್ದಾನೆ. ಕಾಫಿ ಕುಡಿದ ಮೇಲೆ ಸಂಕೋಚದಿಂದ ಹೇಳಿದ: "ಸಾರ್, ನನ್ನ ಮದುವೆಗೆ ನೀವು ಬಂದಿದ್ರಿ. ಹಾಗೆ ಬಂದಿದ್ದೆ, ಇವರಿಬ್ಬರೂ ಗಂಡ ಹೆಂಡತಿ ಅಂತ ನನಗೆ ಗೊತ್ತು ಅಂತ ಒಂದು ಕಾಗದ ಬರೆದು, ಪ್ರಮಾಣ ಮಾಡಿ ಕೊಡಬೇಕು." ಆಮೇಲೆ ನಕ್ಕು, "ಎಂಟುನೂರು ಜನ ಉಂಡು ಹೋದ ಮದುವೆಗೆ ಇನ್ನೇನು ಸಾಕ್ಷಿ ಬೇಕು, ಸಾರ್?" ಎಂದ.

ಕಾಗದವನ್ನು ಬರೆದುಕೊಟ್ಟೆ. ಆದರೆ ಅವನ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ನಮ್ಮಲ್ಲಿ ವಿವಾಹಕ್ಕೆ ಅಗ್ನಿ ಸಾಕ್ಷಿ, ನೆರೆದ ಬಂಧುಗಳು ಸಾಕ್ಷಿ. ಸಮುದ್ರದಾಚೆಯ ಸರ್ಕಾರಕ್ಕೆ ಈ ಎರಡು ಸಾಕ್ಷಿಗಳೂ ಸಾಲವು. "ಇವಳು ನಿನ್ನ ಹೆಂಡತಿ ಎಂಬುದಕ್ಕೆ ಏನು ಆಧಾರ? ಈ ಮಗು ನಿನ್ನದೇ ಎಂಬುದಕ್ಕೆ ಏನು ಆಧಾರ?" ಎಂದು ಅದು ಕೇಳುತ್ತದೆ. ಈ ಪ್ರಶ್ನೆ ಇಂದಿನದಲ್ಲ; ಅದಕ್ಕೆ ನೂರು ವರ್ಷಗಳನ್ನು ಮೀರಿದ ಇತಿಹಾಸವಿದೆ. ಅದರ ಕೊನೆಯ ಒಂದು ಸಣ್ಣ ಅಧ್ಯಾಯದಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆಂದರೂ ಸುಳ್ಳಲ್ಲ.

ತರಗತಿಯಲ್ಲಿ ಗಾಂಧೀಜಿಯವರ ದಕ್ಷಿಣ ಆಫ್ರಿಕದ ಸತ್ಯಾಗ್ರಹವನ್ನು ಪಾಠ ಮಾಡುವಾಗ ನಾವು ಮೂರು ಪೌಂಡ್ ತಲೆಗಂದಾಯದ ವಿಷಯವನ್ನು ಹೇಳುತ್ತಿದ್ದೆವು, ಪರವಾನಗಿ ಪತ್ರಗಳನ್ನು ಸುಟ್ಟ ವಿಷಯವನ್ನು ಹೇಳುತ್ತಿದ್ದೆವು. ಆ ಹೋರಾಟದ ಕೊನೆಯ ಘಟ್ಟಕ್ಕೆ ಕಿಡಿ ಹಚ್ಚಿದ್ದರಲ್ಲಿ ಒಬ್ಬ ಗೃಹಿಣಿಯ ಪ್ರಕರಣವೂ ಸೇರಿತ್ತು ಎಂಬುದನ್ನು ಹೇಳಲು ಪಠ್ಯದಲ್ಲಿ ಜಾಗವಿರಲಿಲ್ಲ. ಆಕೆ ಬಾಯಿ ಮರಿಯಂ. ಪತಿ ಹಸನ್ ಈಸಪ್ ಅಲ್ಲಿ ನೆಲೆಸಿದ್ದವರು. ಅಂದಿನ ಕಾನೂನಿನ ಪ್ರಕಾರ ಅಲ್ಲಿ ವಾಸದ ಹಕ್ಕುಳ್ಳವನು ತನ್ನ ಹೆಂಡತಿಯನ್ನೂ ಅಪ್ರಾಪ್ತ ವಯಸ್ಸಿನ ಮಕ್ಕಳನ್ನೂ ಕರೆಸಿಕೊಳ್ಳಬಹುದಾಗಿತ್ತು. ಆದರೆ ಆಕೆಗೆ ಪ್ರವೇಶ ಸಿಗಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಯಿತು. 1913ರ ಮಾರ್ಚ್ 14ರಂದು ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಎಂಬವರು ತೀರ್ಪು ಕೊಟ್ಟರು. ಒಬ್ಬನಿಗೆ ಒಂದಕ್ಕಿಂತ ಹೆಚ್ಚು ಮದುವೆಗೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ವಿವಾಹವನ್ನು ಆ ನಾಡಿನ ಕಾನೂನು ವಿವಾಹವೆಂದು ಒಪ್ಪುವುದಿಲ್ಲ ಎಂಬುದು ಅದರ ಸಾರ. ಗಂಡನಿಗೆ ಬೇರೆ ಹೆಂಡತಿ ಇಲ್ಲದಿದ್ದರೂ ಅಷ್ಟೇ.

ಆ ಒಂದು ತೀರ್ಪಿನಿಂದ ಅಲ್ಲಿದ್ದ ಹಿಂದೂ, ಮುಸ್ಲಿಂ, ಪಾರ್ಸಿ ಗೃಹಿಣಿಯರೆಲ್ಲರ ಸ್ಥಾನವೂ ಸಂದೇಹಕ್ಕೆ ಗುರಿಯಾಯಿತು. ಮಕ್ಕಳ ವಾರಸಿಕೆಯೂ ಅಲುಗಾಡಿತು. ಹೆಂಗಸರು ಚಳವಳಿಗೆ ಇಳಿದದ್ದು ಆಗಲೇ. 1913ರ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಅವರು ಸಂಗಡಿಗರೊಂದಿಗೆ ಫೀನಿಕ್ಸ್ ಆಶ್ರಮದಿಂದ ಹೊರಟು, ಪರವಾನಗಿಯಿಲ್ಲದೆ ಟ್ರಾನ್ಸ್‌ವಾಲ್ ಗಡಿಯನ್ನು ದಾಟಿ ಬಂಧನಕ್ಕೊಳಗಾದರು. ಅವರಿಗೆ ಮೂರು ತಿಂಗಳ ಕಠಿಣ ಶಿಕ್ಷೆ ವಿಧಿಸಲಾಯಿತು. ಜೊಹಾನ್ಸ್‌ಬರ್ಗಿನ ತಮಿಳು ಹುಡುಗಿ ವಲ್ಲಿಯಮ್ಮ ಸೆರೆಯಲ್ಲಿ ಜ್ವರ ಹತ್ತಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆಕೆಗೆ ಹದಿನಾರರ ಪ್ರಾಯ. ಕಡೆಗೆ 1914ರ ಭಾರತೀಯರ ಪರಿಹಾರ ಕಾಯ್ದೆ ಬಂದು, ನಮ್ಮ ವಿಧಿಯಂತೆ ಮದುವೆಯಾದ ಒಬ್ಬ ಪತ್ನಿಯನ್ನೂ ಆಕೆಯ ಅಪ್ರಾಪ್ತ ಮಕ್ಕಳನ್ನೂ ಮಾನ್ಯ ಮಾಡಿತು. ಹೆಂಡತಿಯನ್ನು ಹೆಂಡತಿ ಎಂದು ಕರೆಯಿಸಿಕೊಳ್ಳಲು ಹೆಂಗಸರು ಸೆರೆಮನೆಗೆ ಹೋಗಬೇಕಾಯಿತು ಎಂಬುದನ್ನು ನಾವು ಮರೆಯಬಾರದು.

ಅದೇ ಕಾಲದಲ್ಲಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿದ್ದ ಪಂಜಾಬಿನ ರೈತರಿಗೂ ಇದೇ ಕಷ್ಟ. 1908ರಲ್ಲಿ ಅಲ್ಲಿನ ಸರ್ಕಾರ ಒಂದು ನಿಯಮವನ್ನು ಮಾಡಿತು: ವಲಸೆ ಬರುವವರು ತಮ್ಮ ದೇಶದಿಂದ ಎಲ್ಲಿಯೂ ಇಳಿಯದೆ ಒಂದೇ ಪ್ರಯಾಣದಲ್ಲಿ ಬರಬೇಕು, ಕೈಯಲ್ಲಿ ಇನ್ನೂರು ಡಾಲರ್ ಇರಬೇಕು. ಭಾರತದಿಂದ ಕೆನಡಾಕ್ಕೆ ಅಂತಹ ನೇರ ಹಡಗಿನ ಸೌಕರ್ಯವೇ ಇರಲಿಲ್ಲ. ಭಾರತೀಯರು ಬರಕೂಡದೆಂದು ಬಾಯಿಬಿಟ್ಟು ಹೇಳದೆ ಬಾಗಿಲು ಹಾಕುವ ಉಪಾಯವದು. ಈ ನಿಯಮ ಹೆಂಡತಿ ಮಕ್ಕಳಿಗೂ ಅನ್ವಯಿಸುತ್ತಿತ್ತು. ವ್ಯಾಂಕೂವರಿನ ಗುರುದ್ವಾರದ ಮುಖಂಡರಾದ ಭಾಗ್ ಸಿಂಗ್ ಮತ್ತು ಬಲವಂತ ಸಿಂಗ್ ತಮ್ಮ ಸಂಸಾರಗಳನ್ನು ಕರೆತಂದಾಗ ಹಿಂದಕ್ಕೆ ಕಳುಹಿಸುವ ಆಜ್ಞೆಯಾಯಿತು. ದೀರ್ಘ ವಿವಾದದ ಅನಂತರ, 1912ರಲ್ಲಿ, ಹಕ್ಕೆಂದು ಅಲ್ಲ, ಕೇವಲ ಕೃಪೆಯೆಂದು ಹೇಳಿ ಆ ಹೆಂಗಸರನ್ನೂ ಮಕ್ಕಳನ್ನೂ ಉಳಿಯಗೊಟ್ಟರು. ಮೊದಲ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ರಕ್ತ ಸುರಿಸಿದ ಮೇಲೆ, 1918ರ ಸಾಮ್ರಾಜ್ಯ ಯುದ್ಧ ಸಮ್ಮೇಳನದ ನಿರ್ಣಯದಂತೆ, 1919ರಲ್ಲಿ ಹೆಂಡತಿ ಮಕ್ಕಳ ಪ್ರವೇಶಕ್ಕೆ ಅನುಮತಿ ದೊರೆಯಿತು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಷ್ಟೂ ಆಗಲಿಲ್ಲ. 1917ರ ಕಾಯ್ದೆ ಭಾರತವನ್ನು ನಿಷಿದ್ಧ ವಲಯದೊಳಕ್ಕೆ ಸೇರಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಮಾನಿಸಿತು. ಊರಿನಲ್ಲಿ ಹೆಂಡತಿಯನ್ನು ಬಿಟ್ಟು ಹೋದವರಲ್ಲಿ ಅನೇಕರು ಆಕೆಯನ್ನು ಮತ್ತೆ ಕಾಣಲೇ ಇಲ್ಲ. ಹೋಗಿ ನೋಡಿಕೊಂಡು ಬರೋಣವೆಂದರೆ ಮರಳಿ ಒಳಗೆ ಬಿಡುವ ಭರವಸೆಯಿಲ್ಲ. ಕ್ಯಾಲಿಫೋರ್ನಿಯದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳು ಮೆಕ್ಸಿಕೋ ಮೂಲದ ಹೆಂಗಸರನ್ನು ಮದುವೆಯಾಗಿ ಅಲ್ಲಿಯೇ ಹೊಸ ಸಂಸಾರ ಹೂಡಿದ ಕಥೆಗೆ ಹಿನ್ನೆಲೆ ಇದು. ಆ ಕಥೆಯನ್ನು ಓದುವಾಗಲೆಲ್ಲ ಪಂಜಾಬಿನ ಯಾವುದೋ ಹಳ್ಳಿಯ ಅಂಗಳದಲ್ಲಿ ಕುಂಕುಮ ಅಳಿಸದೆ, ಗಂಡನನ್ನೂ ಕಾಣದೆ ಮುಪ್ಪಾದ ಹೆಂಗಸರ ನೆನಪು ನನಗೆ ಬರುತ್ತದೆ. ಅವರ ಕಥೆಯನ್ನು ಬರೆದವರು ಕಡಿಮೆ.

ಮಕ್ಕಳನ್ನು ಪರೀಕ್ಷಿಸಿದ ಬಗೆಯನ್ನು ತಿಳಿಯಬೇಕಾದರೆ ಚೀನೀಯರ ಇತಿಹಾಸವನ್ನು ನೋಡಬೇಕು. ಚೀನೀ ಕಾರ್ಮಿಕರಿಗೆ ಅಮೆರಿಕದ ಬಾಗಿಲು ಮುಚ್ಚಿತ್ತು. ಆದರೆ ಅಲ್ಲಿ ಹುಟ್ಟಿದ ಪೌರನ ಮಗನಿಗೆ ಪ್ರವೇಶವಿತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜನನ ದಾಖಲೆಗಳು ನಾಶವಾದ ಮೇಲೆ ತಾವು ಅಲ್ಲೇ ಹುಟ್ಟಿದವರೆಂದು ಹೇಳಿಕೊಳ್ಳುವುದು ಸಾಧ್ಯವಾಯಿತು. ಅವರ ಹೆಸರಿನಲ್ಲಿ ನಿಜವಾದ ಮಕ್ಕಳೂ ಬಂದರು, ಕಾಗದದ ಮೇಲೆ ಮಾತ್ರ ಮಕ್ಕಳಾದವರೂ ಬಂದರು. 1910ರಿಂದ 1940ರವರೆಗೆ ಏಂಜೆಲ್ ದ್ವೀಪದ ಠಾಣೆಯಲ್ಲಿ ಇವರನ್ನು ವಿಚಾರಿಸಲಾಗುತ್ತಿತ್ತು: ನಿಮ್ಮ ಮನೆಯ ಬಾಗಿಲು ಯಾವ ದಿಕ್ಕಿಗೆ? ಮನೆಯಿಂದ ಬಾವಿಗೆ ಎಷ್ಟು ದೂರ? ಮೆಟ್ಟಿಲು ಎಷ್ಟು? ತಂದೆ ಮಗನ ಉತ್ತರಗಳು ಹೊಂದದಿದ್ದರೆ ಹಿಂದಕ್ಕೆ. ನಿಜವಾದ ಮಗನೂ ಬಾವಿಯ ದೂರವನ್ನು ತಪ್ಪಾಗಿ ಹೇಳಬಹುದು. ಕಂಠಪಾಠ ಮಾಡಿದ ಸುಳ್ಳುಮಗ ಸರಿಯಾಗಿ ಹೇಳಬಹುದು. ಮೂವತ್ತೈದು ವರ್ಷ ಪರೀಕ್ಷೆ ನಡೆಸಿದ ನನಗೆ ಈ ವಿಚಾರ ಬೇರೆಯವರು ಹೇಳಿ ತಿಳಿಯಬೇಕಾದದ್ದಲ್ಲ.

ಅಮೆರಿಕದಲ್ಲಿ 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ದೊರೆಯಿತು. ಆದರೆ ವಲಸೆಗೆ ಕೊಟ್ಟ ಪಾಲು ಇಡೀ ದೇಶಕ್ಕೆ ವರ್ಷಕ್ಕೆ ನೂರು ಜನ! ನಿಜವಾದ ಬದಲಾವಣೆ 1965ರದು. ಆ ವರ್ಷ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ಕಾಯ್ದೆಗೆ ಸಹಿ ಮಾಡಿದರು. ಜನಾಂಗದ ಲೆಕ್ಕ ಹೋಗಿ, ಬಂಧುತ್ವ ಮತ್ತು ವಿದ್ಯೆ ಎಂಬ ಎರಡು ಬಾಗಿಲುಗಳು ತೆರೆದವು. ಪೌರರ ಹೆಂಡತಿ ಅಥವಾ ಗಂಡ ಮತ್ತು ಅಪ್ರಾಪ್ತ ಮಕ್ಕಳಿಗೆ ಸಂಖ್ಯೆಯ ಮಿತಿಯೇ ಇಲ್ಲ. ಪೌರರಲ್ಲದ ಕಾಯಂ ನಿವಾಸಿಗಳ, ಅಂದರೆ ಗ್ರೀನ್ ಕಾರ್ಡ್ ಉಳ್ಳವರ, ಹೆಂಡತಿ ಮಕ್ಕಳಿಗೆ ಒಂದು ಸರದಿ. ಕುಟುಂಬಕ್ಕೆ ಆದ್ಯತೆ ಕೊಟ್ಟರೆ ಆಗಲೇ ಅಲ್ಲಿದ್ದ ಯೂರೋಪಿನವರ ನಂಟರೇ ಹೆಚ್ಚಾಗಿ ಬರುತ್ತಾರೆ, ದೇಶದ ಬಣ್ಣ ಬದಲಾಗುವುದಿಲ್ಲ ಎಂದು ಕೆಲವು ಶಾಸಕರು ಲೆಕ್ಕ ಹಾಕಿದ್ದರಂತೆ. ಯೂರೋಪಿನವರಿಗೆ ಆಗ ಮನೆಬಿಡುವ ಆತುರವಿರಲಿಲ್ಲ, ನಮ್ಮವರಿಗಿತ್ತು.

ನಮ್ಮ ಮೈಸೂರಿಗೂ ಈ ಕಾಯ್ದೆಗೂ ನಂಟು ಬೆಳೆದದ್ದು ವಿದ್ಯೆಯ ಬಾಗಿಲಿನ ಮೂಲಕ. 1930ರಲ್ಲಿ ಬೆಂಗಳೂರಿನಿಂದ ಇಲ್ಲಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜು, 1946ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್, 1963ರ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು, ಈ ಮೂರರಿಂದಲೂ ವೈದ್ಯರು, ಎಂಜಿನಿಯರುಗಳು ಹೊರಟರು. ನಾನು ಬಾಲಕನಾಗಿದ್ದಾಗ ನಮ್ಮ ಬೀದಿಯಲ್ಲಿ ಫಾರಿನ್‌ಗೆ ಹೋದವರ ಮನೆಯೆಂದರೆ ಒಂದು. ನಾನು ನಿವೃತ್ತನಾಗುವ ಹೊತ್ತಿಗೆ ಹೋಗದವರ ಮನೆಯನ್ನು ಎಣಿಸುವುದು ಸುಲಭವಾಗಿತ್ತು.

ಇಂಗ್ಲೆಂಡಿನ ವಿಷಯವನ್ನೂ ಹೇಳಬೇಕು. 1962ರ ಕಾಮನ್‌ವೆಲ್ತ್ ವಲಸೆ ಕಾಯ್ದೆ, ಅನಂತರ 1971ರ ವಲಸೆ ಕಾಯ್ದೆ ಅಲ್ಲಿನ ಬಾಗಿಲನ್ನು ಕಿರಿದುಗೊಳಿಸಿದವು. ಹೆಂಡತಿ ಮಕ್ಕಳ ದಾರಿ ಮಾತ್ರ ಉಳಿಯಿತು. ಆದ್ದರಿಂದ ಅಧಿಕಾರಿಗಳ ಅನುಮಾನವೆಲ್ಲ ಹೆಂಡತಿ ಮಕ್ಕಳ ಮೇಲೆಯೇ ತಿರುಗಿತು. 1979ರ ಜನವರಿ 24ರಂದು ಮೂವತ್ತೈದು ವರ್ಷದ ಭಾರತೀಯ ಮಹಿಳೆಯೊಬ್ಬರು ವಿವಾಹಕ್ಕೆಂದು ಲಂಡನ್ನಿನ ಹೀತ್ರೋ ವಿಮಾನ ನಿಲ್ದಾಣದಲ್ಲಿ ಇಳಿದರು. ಆಕೆ ಮದುವೆಯಾಗಲು ಬಂದವರೋ ಆಗಲೇ ಮದುವೆಯಾದವರೋ ಎಂದು ತಿಳಿಯಲು, ಕನ್ಯೆಯೇ ಎಂದು ವೈದ್ಯಕೀಯ ತಪಾಸಣೆ ಮಾಡಿದರು. ಕೆಲವೇ ದಿನಗಳಲ್ಲಿ ಪತ್ರಿಕೆಯಲ್ಲಿ ವರದಿ ಬಂದು, ಭಾರತದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕೋಲಾಹಲವಾಗಿ, ಆ ಪದ್ಧತಿ ನಿಂತಿತು. ಆಕೆ ಶಾಲಾ ಶಿಕ್ಷಕಿ. ನನ್ನ ಸಹೋದ್ಯೋಗಿನಿಯರಲ್ಲಿ ಯಾರೊಬ್ಬರೂ ಆಗಬಹುದಾಗಿತ್ತು. ಈ ಪ್ರಸಂಗವನ್ನು ಬರೆಯಲೇ ಬೇಡವೇ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಸಾಕ್ಷಿ ಕೇಳುವ ಅಧಿಕಾರ ಎಲ್ಲಿಯವರೆಗೆ ಹೋಗಬಲ್ಲದು ಎಂಬುದು ಮರೆತುಹೋಗುತ್ತದೆ ಎನ್ನಿಸಿ ಬರೆದಿದ್ದೇನೆ.

ಅಲ್ಲಿಯೇ ಇನ್ನೆರಡು ಪ್ರಸಂಗಗಳು 1985ರಲ್ಲಿ ನಡೆದವು. ಗಂಡಸು ಹೆಂಡತಿಯನ್ನು ಕರೆಸಿಕೊಳ್ಳುವಷ್ಟು ಸುಲಭವಾಗಿ ಹೆಂಗಸು ಗಂಡನನ್ನು ಕರೆಸಿಕೊಳ್ಳುವಂತಿರಲಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ್ದ ಮೂವರು ಮಹಿಳೆಯರು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ, ಇದು ಲಿಂಗಭೇದವೆಂದು ಮೇ 28ರಂದು ಗೆದ್ದರು. ಸರ್ಕಾರ ಏನು ಮಾಡಿತು? ಹೆಂಗಸರಿಗೆ ನಿಯಮವನ್ನು ಸಡಿಲಿಸುವ ಬದಲು ಗಂಡಸರಿಗೂ ಬಿಗಿಗೊಳಿಸಿ ಸಮಾನತೆಯನ್ನು ಸಾಧಿಸಿತು! ಎರಡನೆಯದು ಘಾನಾ ದೇಶದ ಒಬ್ಬ ಹುಡುಗನದು. ಬ್ರಿಟನ್ನಿನಲ್ಲಿದ್ದ ತಾಯಿಯನ್ನು ಸೇರಲು ಬಂದ ಅವನನ್ನು ಆಕೆಯ ಮಗನೇ ಅಲ್ಲವೆಂದು ತಡೆದರು. ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರಿಸ್ ತಾವು ಅದಾಗಲೇ ಕಂಡುಹಿಡಿದಿದ್ದ ಡಿಎನ್ಎ ಬೆರಳಚ್ಚಿನ ವಿಧಾನದಿಂದ ತಾಯಿ ಮತ್ತು ಒಡಹುಟ್ಟಿದವರ ರಕ್ತವನ್ನು ಪರೀಕ್ಷಿಸಿ, ಮಗನೆಂದೇ ತೋರಿಸಿದರು. ಅಪರಾಧಿಗಳನ್ನು ಹಿಡಿಯುವ ವಿದ್ಯೆಯೆಂದು ನಾವು ತಿಳಿದಿರುವುದು ಮೊದಲು ಉಪಯೋಗಕ್ಕೆ ಬಂದದ್ದು ಒಬ್ಬ ಮಗನನ್ನು ತಾಯಿಗೆ ಸೇರಿಸಲು.

ನಮ್ಮ ಕರಾವಳಿಯವರ ಕಷ್ಟದ ರೀತಿ ಬೇರೆ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಸಾವಿರಾರು ಮಂದಿ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಅಲ್ಲಿ ಕೇಳುವುದು ಸಂಬಂಧದ ಸಾಕ್ಷಿಯನ್ನಷ್ಟೇ ಅಲ್ಲ, ಸಂಬಳದ ಸಾಕ್ಷಿಯನ್ನೂ. ಸಂಬಳ ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ ಸಂಸಾರದ ವೀಸಾ ಇಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2019ರವರೆಗೆ ಉದ್ಯೋಗದ ಹೆಸರನ್ನೂ ನೋಡುತ್ತಿದ್ದರು. ಆ ವರ್ಷ ಅದನ್ನು ಬಿಟ್ಟು, ತಿಂಗಳಿಗೆ 4,000 ದಿರಮ್ ಅಥವಾ 3,000 ದಿರಮ್ ಮತ್ತು ವಸತಿ ಇದ್ದರೆ ಸಾಕೆಂದರು. ಅಷ್ಟೂ ಇಲ್ಲದ ಕೂಲಿಕಾರ ಎರಡು ವರ್ಷಕ್ಕೊಮ್ಮೆ ಬಂದು, ತನ್ನ ಮಕ್ಕಳಿಗೆ ತಾನೇ ಹೊಸಬನಾಗಿ ಹೋಗುತ್ತಾನೆ. ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. ಅಮೆರಿಕದಲ್ಲಿ 1997ರ ಡಿಸೆಂಬರಿನಿಂದ ಸ್ಪಾನ್ಸರ್ ಮಾಡುವವನು ಬಡತನದ ರೇಖೆಯ ಶೇಕಡ 125ರಷ್ಟು ಆದಾಯವನ್ನು ತೋರಿಸಿ, ಬಂದವರನ್ನು ಸಾಕುತ್ತೇನೆಂದು ಕಾನೂನುಬದ್ಧ ಮುಚ್ಚಳಿಕೆ ಬರೆದುಕೊಡಬೇಕು. ಬ್ರಿಟನ್ನಿನಲ್ಲಿ 2012ರಲ್ಲಿ ವರ್ಷಕ್ಕೆ 18,600 ಪೌಂಡ್ ಎಂದು ನಿಗದಿಯಾದ ಆದಾಯವನ್ನು 2024ರ ಏಪ್ರಿಲಿನಲ್ಲಿ 29,000ಕ್ಕೆ ಏರಿಸಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

1989ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತ ನನ್ನ ವಿದ್ಯಾರ್ಥಿನಿಯೊಬ್ಬಳ ಹೆಸರಿನಲ್ಲಿ 'ಕ್ಷ' ಅಕ್ಷರವಿತ್ತು. ಅವಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವಳ ಸಹಪಾಠಿಗಳು ಊಹಿಸಿದರೆ ತಮ್ಮಲ್ಲಿಯೇ ಇಟ್ಟುಕೊಳ್ಳಲಿ. 1997ರ ಜ್ಯೇಷ್ಠದಲ್ಲಿ ಅವಳಿಗೆ ಅಮೆರಿಕದಲ್ಲಿದ್ದ ಎಂಜಿನಿಯರನೊಂದಿಗೆ ನಿಶ್ಚಿತಾರ್ಥವಾಯಿತು. ಮುಂದಿನದು ಆಷಾಢ, ಮದುವೆ ಕೂಡದು. ಶ್ರಾವಣಕ್ಕೆ ಮುಹೂರ್ತವಿಟ್ಟರು. ಆ ಆಷಾಢದಲ್ಲಿಯೇ ವರನಿಗೆ ಗ್ರೀನ್ ಕಾರ್ಡ್ ಬಂದಿತು. ಎರಡೂ ಮನೆಗಳಲ್ಲಿ ಹಬ್ಬ! ವಧುವಿನ ಕಾಲ್ಗುಣವೆಂದು ಹೊಗಳಿದ್ದೇ ಹೊಗಳಿದ್ದು. ಕಾನೂನು ಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಗ್ರೀನ್ ಕಾರ್ಡಿಗೆ ಮೊದಲೇ ಮದುವೆಯಾಗಿದ್ದರೆ ಹೆಂಡತಿ ಗಂಡನ ಅರ್ಜಿಯ ಬೆನ್ನಿಗೇ ಹೋಗಿ ಸೇರಬಹುದಾಗಿತ್ತು. ಬಂದ ಮೇಲೆ ಮದುವೆಯಾದ್ದರಿಂದ ಹೊಸದಾಗಿ ಸ್ಪಾನ್ಸರ್ ಮಾಡಿ ಸರದಿಯಲ್ಲಿ ನಿಲ್ಲಬೇಕಾಯಿತು. ಅದೇ ವರ್ಷ ತಾತ್ಕಾಲಿಕ ಉದ್ಯೋಗದ ವೀಸಾದಲ್ಲಿ ಹೋದವರು ಹೆಂಡತಿಯನ್ನು ಜೊತೆಯಲ್ಲೇ ಕರೆದೊಯ್ದರು. ಕಾಯಂ ನಿವಾಸದ ಹಕ್ಕು ಪಡೆದವನು ಒಂಟಿಯಾಗಿ ಹೋದ.

ಆ ಸರದಿ ಉದ್ದವಾಗಿದ್ದಕ್ಕೆ ಕಾರಣವಿತ್ತು. 1986ರ ಕಾಯ್ದೆಯೊಂದು ಅಮೆರಿಕದಲ್ಲಿ ದಾಖಲೆಯಿಲ್ಲದೆ ಇದ್ದ ಸುಮಾರು 27 ಲಕ್ಷ ಜನರನ್ನು ಸಕ್ರಮಗೊಳಿಸಿತ್ತು. ಅವರೂ ತಮ್ಮ ತಮ್ಮ ಸಂಸಾರಗಳಿಗೆ ಅರ್ಜಿ ಹಾಕಿದರು. ಅದು ಅವರ ಹಕ್ಕೇ. ಆದರೆ ಈ ವರ್ಗಕ್ಕೆ 1990ರ ಕಾಯ್ದೆ ಮೀಸಲಿಟ್ಟದ್ದು ವರ್ಷಕ್ಕೆ ಸುಮಾರು 88,000 ವೀಸಾ ಮಾತ್ರ. 1998ರ ಆರಂಭದಲ್ಲಿ ಗಂಡ ಐ-130 ಎಂಬ ನಮೂನೆಯನ್ನು ತುಂಬಿ ಕಳುಹಿಸಿದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಮಗ ಹುಟ್ಟಿದ. ಪ್ರವಾಸಿ ವೀಸಾದಲ್ಲಿ ಒಮ್ಮೆ ಹೋಗಿಬರೋಣವೆಂದರೆ, ಹಿಂದಿರುಗುವ ಇರಾದೆಯನ್ನು ಸಾಬೀತು ಮಾಡಬೇಕು. ಕಾಯಂ ಆಗಿ ಬರುತ್ತೇನೆಂಬ ಅರ್ಜಿ ಸರದಿಯಲ್ಲಿರುವಾಗ ಅದನ್ನು ನಂಬುವವರಾರು? ನಿರಾಕರಣೆಯಾಯಿತು. ನಾಲ್ಕು ವರ್ಷಗಳಲ್ಲಿ ಗಂಡ ಎರಡು ಸಲ ಬಂದುಹೋದ.

ಇಂತಹವರ ಗೋಳನ್ನು ಕೇಳಿ ಅಮೆರಿಕದ ಶಾಸನಸಭೆ 2000ದ ಡಿಸೆಂಬರ್ 21ರಂದು ಒಂದು ಪರಿಹಾರವನ್ನು ತಂದಿತು. ಆ ದಿನದೊಳಗೆ ಅರ್ಜಿ ಹಾಕಿ, ಮೂರು ವರ್ಷ ಕಾದವರು ಅಲ್ಲಿಗೇ ಹೋಗಿ ಸರದಿಯನ್ನು ಕಾಯಬಹುದು. ಅದಕ್ಕೆ 'ವಿ' ವೀಸಾ ಎಂದು ಹೆಸರು. 2001ರಲ್ಲಿ ನನ್ನ ಶಿಷ್ಯೆಗೆ ಆ ಅರ್ಹತೆ ಬಂದಿತು. ನವೆಂಬರಿನಲ್ಲಿ ಮಗುವನ್ನೆತ್ತಿಕೊಂಡು ಸಂದರ್ಶನಕ್ಕೆ ಹೋದಳು, ಬರಿಗೈಯಲ್ಲಿ ಬಂದಳು. ಮದುವೆಯ ನೋಂದಣಿ ಪತ್ರದಲ್ಲಿಯೂ ಗಂಡನ ಅರ್ಜಿಯಲ್ಲಿಯೂ ಅವಳ ಹೆಸರಿನ 'ಕ್ಷ'ವನ್ನು ಇಂಗ್ಲಿಷಿನ ಕೆ, ಎಸ್, ಎಚ್ ಅಕ್ಷರಗಳಲ್ಲಿ ಬರೆದಿತ್ತು. ಪಾಸ್‌ಪೋರ್ಟಿನಲ್ಲಿ ಎಕ್ಸ್ ಅಕ್ಷರವಿತ್ತು. ಅದರ ಮುಂದೆ ತಂದೆಯ ಹೆಸರು ಒಂದರಲ್ಲಿ ಇನಿಶಿಯಲ್ ಆಗಿಯೂ ಇನ್ನೊಂದರಲ್ಲಿ ಪೂರ್ತಿಯಾಗಿಯೂ ಇತ್ತು. ಇಬ್ಬರೂ ಒಬ್ಬಳೇ ಎಂಬುದಕ್ಕೆ ಆಧಾರ ತನ್ನಿ ಎಂದರು.

ಪಾಸ್‌ಪೋರ್ಟಿಗೆ ಆ ಎಕ್ಸ್ ಅಕ್ಷರ ಎಲ್ಲಿಂದ ಬಂತು? ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಿಂದ. ಅಂಕಪಟ್ಟಿಗೆ ಎಲ್ಲಿಂದ ಬಂತು? ಶಾಲೆಯಿಂದ ಕಳುಹಿಸಿದ ನಾಮಿನಲ್ ರೋಲಿನಿಂದ. ಅದನ್ನು ಬರೆದವನು ನಾನು. ದಾಖಲಾತಿ ಪುಸ್ತಕದಲ್ಲಿ ಹೆಸರು ಕನ್ನಡದಲ್ಲಿತ್ತು. ಅರವತ್ತು ಚಿಲ್ಲರೆ ಮಕ್ಕಳ ಹೆಸರುಗಳನ್ನು ಒಂದೇ ರಾತ್ರಿ ಕುಳಿತು ಇಂಗ್ಲಿಷಿಗೆ ಇಳಿಸಿದ್ದೆ. ಮೂರು ಅಕ್ಷರಗಳ ಬದಲು ಒಂದನ್ನು ಬರೆದರೆ ಕೈಗೆ ಸುಲಭವೆಂದು ಎಕ್ಸ್ ಬರೆದಿದ್ದೆ. ಆ ಹುಡುಗಿಯನ್ನು ಕರೆದು, "ನಿನ್ನ ಹೆಸರನ್ನು ಇಂಗ್ಲಿಷಿನಲ್ಲಿ ನೀನು ಹೇಗೆ ಬರೆಯುತ್ತೀಯಮ್ಮ?" ಎಂದು ಕೇಳಲು ಅರ್ಧ ನಿಮಿಷ ಸಾಕಾಗಿತ್ತು. ಕೇಳಲಿಲ್ಲ. ಹನ್ನೆರಡು ವರ್ಷಗಳ ಮೇಲೆ ಆ ಅರ್ಧ ನಿಮಿಷ ಎಂಟು ತಿಂಗಳಾಗಿ ಅವಳ ಮುಂದೆ ನಿಂತಿತು.

ಆ ಎಂಟು ತಿಂಗಳು ನೋಟರಿಯ ಮುಂದೆ ಪ್ರಮಾಣಪತ್ರ, ಶಾಲೆಯ ದೃಢೀಕರಣ, ಪತ್ರಿಕೆಯಲ್ಲಿ ಪ್ರಕಟಣೆ, ಪಾಸ್‌ಪೋರ್ಟಿನ ತಿದ್ದುಪಡಿಗೆ ಬೆಂಗಳೂರಿಗೆ ಓಡಾಟ ನಡೆದವು. ದೃಢೀಕರಣಕ್ಕೆಂದು ಅವಳು ಶಾಲೆಗೆ ಬಂದಾಗ ಹಳೆಯ ಕಡತವನ್ನು ತೆಗೆದು ನೋಡಿದೆ, ನನ್ನದೇ ಕೈಬರಹ. "ಇದು ನನ್ನ ತಪ್ಪಮ್ಮ" ಎಂದೆ. "ಹೋಗ್ಲಿ ಬಿಡಿ ಸಾರ್, ಎಲ್ಲರೂ ಹಾಗೇ ಬರೀತಿದ್ರು" ಎಂದಳು. ಅವಳ ಒಳ್ಳೆಯತನ ನನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

2002ರ ಜೂನಿನಲ್ಲಿ ಮಗುವನ್ನು ಎಲ್.ಕೆ.ಜಿ.ಗೆ ಸೇರಿಸುವ ಕಾಲ ಬಂತು. ವೀಸಾ ಯಾವಾಗ ಬರುವುದೋ, ಇಲ್ಲೇ ಸೇರಿಸೋಣವೆಂದು ಹೋದರೆ, ಅರ್ಜಿಯಲ್ಲಿ ತಂದೆಯ ರುಜು ಬೇಕೆಂದರು. ತಂದೆ ಪರದೇಶದಲ್ಲಿದ್ದಾರೆ ಎಂದರೆ, ಹಾಗಾದರೆ ಪೋಷಕರೆಂದು ಯಾರಾದರೂ ಗಂಡಸರು ಸಹಿ ಮಾಡಲಿ ಎಂದರು. ತಾಯಿ ಎದುರಿಗೆ ನಿಂತಿದ್ದರೂ! ಅವಳ ತಂದೆ ಆಗ ಹಾಸಿಗೆ ಹಿಡಿದಿದ್ದರು. ಫೋನು ಮಾಡಿ ನನ್ನನ್ನು ಕರೆದಳು. ಹೋಗಿ ಪೋಷಕನ ಜಾಗದಲ್ಲಿ ಸಹಿ ಹಾಕಿದೆ. ಹಾಕುವ ಮುನ್ನ ಮಗುವಿನ ಹೆಸರಿನ ಪ್ರತಿಯೊಂದು ಇಂಗ್ಲಿಷ್ ಅಕ್ಷರವನ್ನೂ ಅದರ ಜನನ ಪತ್ರದೊಂದಿಗೆ ಎರಡು ಸಲ ಹೋಲಿಸಿ ನೋಡಿದೆ. ಪರದೇಶದ ಕಾನೂನನ್ನು ದೂರುವ ನಾವು ನಮ್ಮ ಊರಿನ ಶಾಲೆಯ ಅರ್ಜಿಯಲ್ಲಿಯೂ ಅದನ್ನೇ ಕೇಳುತ್ತಿದ್ದೆವು ಎಂಬುದು ಅಂದು ನನಗೆ ಹೊಳೆಯಿತು. ಮುಂದಿನ ತಿಂಗಳು ವೀಸಾ ಬಂದಿತು. ತಂದೆ ಮಗ ಒಂದೇ ಮನೆಯಲ್ಲಿ ಇರತೊಡಗಿದಾಗ ಮಗನಿಗೆ ನಾಲ್ಕು ತುಂಬಲು ಎರಡು ತಿಂಗಳಿತ್ತು.

ಅಲ್ಲಿಂದೀಚೆಗೆ ಅನೇಕ ಬದಲಾವಣೆಗಳಾಗಿವೆ. ಸರದಿಯಲ್ಲಿ ಕಾಯುತ್ತಲೇ ಮಕ್ಕಳು 21 ದಾಟಿ ಹಕ್ಕು ಕಳೆದುಕೊಳ್ಳುತ್ತಿದ್ದುದಕ್ಕೆ 2002ರ ಆಗಸ್ಟಿನ ಕಾಯ್ದೆಯೊಂದು ಸ್ವಲ್ಪ ಪರಿಹಾರ ತಂದಿತು, ಪೂರ್ತಿಯಲ್ಲ. ಉದ್ಯೋಗದ ಸರದಿಯಲ್ಲಿ ಭಾರತೀಯರ ಸಾಲು ಬಹಳ ಉದ್ದವಾದ್ದರಿಂದ, ಎಳೆಯ ಮಕ್ಕಳಾಗಿ ಅಲ್ಲಿಗೆ ಹೋದವರು 21 ತುಂಬಿದೊಡನೆ ತಂದೆತಾಯಿಯ ಆಸರೆಯ ವೀಸಾವನ್ನು ಕಳೆದುಕೊಳ್ಳುವ ಸಂಕಟ ಇಂದಿಗೂ ಇದೆ. ಗ್ರೀನ್ ಕಾರ್ಡಿನವರ ಹೆಂಡತಿ ಮಕ್ಕಳ ಸರದಿ 2019ರ ಜುಲೈಯಲ್ಲಿ ಕರಗಿ ಹೋಗಿತ್ತು. 2023ರ ಏಪ್ರಿಲಿನಿಂದ ಮತ್ತೆ ಬೆಳೆಯಿತು. ನಮ್ಮಲ್ಲಿಯೂ ಸುಧಾರಣೆಗಳಾದವು. ವಿವಾಹ ನೋಂದಣಿಗೆ ಕರ್ನಾಟಕದಲ್ಲಿ 1976ರ ಕಾಯ್ದೆಯೇ ಇದ್ದರೂ ಪರದೇಶಕ್ಕೆ ಹೋಗುವವರು ಮಾತ್ರ ಮಾಡಿಸುತ್ತಿದ್ದರು. 2006ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಎಲ್ಲ ಧರ್ಮೀಯರ ವಿವಾಹಗಳಿಗೂ ನೋಂದಣಿ ಕಡ್ಡಾಯವಾಗಬೇಕೆಂದು ನಿರ್ದೇಶಿಸಿತು. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಹೋಗುವ ಕಾಲವೂ ಮುಗಿಯಿತು. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ದೇಶದಲ್ಲಿ ಮೊದಲು ಆರಂಭವಾದದ್ದು 2017ರ ಜನವರಿ 25ರಂದು, ನಮ್ಮ ಮೈಸೂರು ಮತ್ತು ಗುಜರಾತಿನ ದಾಹೋದ್‌ಗಳಲ್ಲಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರ ಪಾಸ್‌ಪೋರ್ಟಿಗೆ ಜನನ ಪತ್ರವೊಂದೇ ಆಧಾರ. ಶಾಲೆಯ ಪುಸ್ತಕಕ್ಕೆ ಇನ್ನು ಆ ಅಧಿಕಾರವಿಲ್ಲ. ಒಳ್ಳೆಯದೇ ಆಯಿತು.

ಸುಳ್ಳು ಮದುವೆಗಳು, ಸುಳ್ಳು ಮಕ್ಕಳು ಇಲ್ಲವೆಂದು ನಾನು ಹೇಳಲಾರೆ. ಯಾವ ದೇಶವಾದರೂ ಸಾಕ್ಷಿ ಕೇಳುವುದು ತಪ್ಪಲ್ಲ. ಆದರೆ ಈ ನೂರು ವರ್ಷಗಳ ಚರಿತ್ರೆಯಲ್ಲಿ ಒಂದು ಅಂಶ ಎದ್ದು ಕಾಣುತ್ತದೆ. ಕಾನೂನು ಮಾಡುವವರು, ಅರ್ಜಿ ತುಂಬುವವರು, ದಾಖಲೆ ಬರೆಯುವವರು ಬಹುಪಾಲು ಒಂದು ಕಡೆ. ಕಾಯುವವರು ಇನ್ನೊಂದು ಕಡೆ. ಕಾಯುವವರು ಸಾಮಾನ್ಯವಾಗಿ ಒಬ್ಬ ಹೆಂಗಸು ಮತ್ತು ಒಂದು ಮಗು. ತಪ್ಪು ನಮ್ಮದಾದರೆ ತೆರಿಗೆ ಅವರದು. ಆದುದರಿಂದ ಕಾಗದ ಬರೆಯುವ ಕೈ ಎಚ್ಚರದಿಂದಿರಬೇಕು.

ನಿಮ್ಮಲ್ಲಿ ಶಿಕ್ಷಕರಾಗಿರುವವರು, ಗ್ರಾಮ ಪಂಚಾಯಿತಿಯಲ್ಲಿ, ನಗರಪಾಲಿಕೆಯಲ್ಲಿ, ಆಸ್ಪತ್ರೆಯಲ್ಲಿ ದಾಖಲೆ ಬರೆಯುವವರು ಇದ್ದೀರಿ. ಹೆಸರನ್ನು ಬರೆಯುವ ಮೊದಲು ಆ ಹೆಸರಿನವರನ್ನು ಕೇಳಿರಿ. ತಂದೆತಾಯಂದಿರಾದವರು ಮಗುವಿನ ಜನನ ಪತ್ರದಲ್ಲಿ ಹೆಸರು ಸೇರಿದೆಯೇ, ತಾಯಿಯ ಹೆಸರು ಆಕೆಯ ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ನೋಡಿರಿ. ಮದುವೆಯಾದ ವಾರದಲ್ಲಿಯೇ ನೋಂದಣಿ ಮಾಡಿಸಿರಿ. ಮುಹೂರ್ತ ಇಡುವಾಗ ಪಂಚಾಂಗದ ಜೊತೆಗೆ ವೀಸಾದ ದಿನಾಂಕವನ್ನೂ ಒಮ್ಮೆ ನೋಡಿರಿ; ಪುರೋಹಿತರು ಬೇಸರ ಮಾಡಿಕೊಳ್ಳುವುದಿಲ್ಲ.

ಮೊನ್ನೆ ಬಂದಿದ್ದ ಶಿಷ್ಯನಿಗೆ ಬರೆದುಕೊಟ್ಟ ಕಾಗದವನ್ನು ನಾನು ಮೂರು ಸಲ ಬರೆದೆ. ಮೊದಲ ಪ್ರತಿಯಲ್ಲಿ ಅವನ ಹೆಂಡತಿಯ ಹೆಸರಿನ ಒಂದು ಅಕ್ಷರದ ಬಗ್ಗೆ ನನಗೆ ಅನುಮಾನ ಬಂತು. "ಪರವಾಗಿಲ್ಲ ಸಾರ್, ಅರ್ಥವಾಗುತ್ತೆ" ಎಂದ. "ಅರ್ಥವಾಗುವುದು ನನಗೂ ನಿನಗೂ ಅಪ್ಪ. ಮನೆಗೆ ಫೋನು ಮಾಡಿ ಅವಳನ್ನೇ ಕೇಳು" ಎಂದೆ. ಕೇಳಿದ. ನನ್ನ ಅನುಮಾನ ಸರಿಯಾಗಿತ್ತು.

ಅವನ ಮಗಳು ಬೇಗ ಅಪ್ಪನ ಮನೆ ಸೇರಲಿ. ನಿಮಗೆಲ್ಲರಿಗೂ ನನ್ನ ಆಶೀರ್ವಾದಗಳು.